ಬಸ್ಸು ನಿಲ್ಲಿಸಿ ಓದಿದ್ದು

ಹುಲ್ಡಾ, ನಿನ್ನ ನಾಲ್ಕೂ ಪುಸ್ತಕ ಈ ಚೀಲದಲ್ಲಿವೆ.
ಮೂರನೆಯದರ ಮೇಲೆ ಕಾಫಿ ಚೆಲ್ಲಿದ್ದು ನಾನೇ,
ದಂಡ ಎಷ್ಟೆಂದು ಹೇಳು.
ಹೊಸ ಕಾದಂಬರಿ ಓದಿದವರು ಒಂದೊಂದು ಚೀಟಿ ಬರೆದಿಡಬೇಕೆಂದು
ಸಭೆಯೆದುರು ಎದ್ದು ನಿಂತು ಹೇಳಿದೆಯಲ್ಲ,
ಚೀಟಿ ಸಾಲಲಿಲ್ಲ.
ಬಸ್ಸಿನ ಹಾಜರಿ ಹಾಳೆಯ ಬೆನ್ನಿಗೆ ಬರೆದಿದ್ದೇನೆ.

ಬೆಳಿಗ್ಗೆ ಮಕ್ಕಳನ್ನು ಶಾಲೆಗಿಳಿಸಿ
ಮೂರರ ತನಕ ಗೋಧಿ ಕಣಜಗಳ ಮರೆಯಲ್ಲಿ ನಿಲ್ಲಿಸಿಕೊಂಡು
ಗಂಟೆಗೊಮ್ಮೆ ಇಂಜಿನ್ ಎಬ್ಬಿಸುತ್ತ ಓದುತ್ತೇನೆ.
ಮಾನಿಟೋಬಾದ ಜನವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಪುಟ ತಿರುವಲು ಒಂದೇ ಕೈಯ ಗವಸು ಬಿಚ್ಚುವುದು.

ಮೊದಲನೆಯದರಲ್ಲಿ ಬೇಕರಿ ನಡೆಸುವ ವಿಧವೆ.
ನಲವತ್ತನೇ ಪುಟಕ್ಕೆ ಬಡಗಿ ಬಂದ.
ಬರುತ್ತಾನೆಂದು ರಟ್ಟು ನೋಡಿದಾಗಲೇ ಗೊತ್ತಿತ್ತು.
ಅವನ ಉಗುರಲ್ಲಿ ಮರದ ಹೊಟ್ಟಿಲ್ಲ,
ಸುತ್ತಿಗೆ ಬೆರಳಿಗೆ ಬಿದ್ದರೂ ಬಾಯಲ್ಲಿ ಕೆಟ್ಟ ಮಾತಿಲ್ಲ.
ನನ್ನ ಯಾಕೊಬ್ ಮೂವತ್ತು ವರ್ಷ ಬಡಗಿ.
ಅವನಾಡುತ್ತಿದ್ದುದನ್ನು ಇಲ್ಲಿ ಬರೆಯಲಾರೆ,
ನಮ್ಮ ಪ್ಲೌಟ್‌ಡೀಚಿನಲ್ಲಿ ಕೂಡ.
ಅವಳು ಹಿಟ್ಟು ನಾದುವ ಪುಟಗಳು ಚೆನ್ನಾಗಿವೆ.
ಬರೆದಾಕೆಗೆ ರೊಟ್ಟಿ ಗೊತ್ತು, ವೈಧವ್ಯ ಗೊತ್ತಿಲ್ಲ.
ಹಾಸಿಗೆಯ ಆ ಮಗ್ಗುಲಲ್ಲಿ ಏನಿಡುವುದೆಂದು ಒಂದು ಸಾಲೂ ಇಲ್ಲ.
ನಾನು ಒಗೆದ ಬಟ್ಟೆ ಗುಡ್ಡೆ ಹಾಕುತ್ತೇನೆ.

ಎರಡನೆಯದರಲ್ಲಿ ಪ್ರಾರ್ಥಿಸಿದರೆ
ಮುಂದಿನ ಅಧ್ಯಾಯದಲ್ಲೇ ಉತ್ತರ.
ಕಳೆದ ಉಂಗುರ ಸಿಕ್ಕಿತು, ಬ್ಯಾಂಕಿನವನ ಮನಸ್ಸು ಕರಗಿತು,
ಕುಡುಕ ತಮ್ಮ ಹಿಮದಲ್ಲಿ ಮೊಣಕಾಲೂರಿದ.
ನಮ್ಮ ಆಬ್ರಾಮನಿಗಾಗಿ ಹನ್ನೊಂದು ವರ್ಷ ಬೇಡಿದ್ದೇನೆ.
ಅವನೂ ಹಿಮದಲ್ಲಿ ಮೊಣಕಾಲೂರಿಯೇ ಇದ್ದ,
ಸಿಕ್ಕಿದ್ದು ಮಾರ್ಚಿಯಲ್ಲಿ.
ಈ ಪುಸ್ತಕಕ್ಕೆ ಇಷ್ಟು ಸಾಕು.

ಕಾಫಿ ಚೆಲ್ಲಿದ್ದು ನನಗೆ ಹಿಡಿಸಿತು.
ಪಾದ್ರಿಯೊಬ್ಬ ಭಾನುವಾರ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ
ದೇವರಿದ್ದಾನೋ ಎಂದು ಹಸುವನ್ನು ಕೇಳುತ್ತಾನೆ.
ಹಸು ಮೆಲುಕು ಹಾಕುತ್ತದೆ.
ಅವನು ಕೈ ತೊಳೆದು ಪ್ರಸಂಗಕ್ಕೆ ಹೊರಡುತ್ತಾನೆ.
ಇನ್ನೂರ ಎಪ್ಪತ್ತು ಪುಟ ಹೀಗೇ, ಎಲ್ಲೂ ಕಾಲು ಜಾರದೆ.
ಕೊನೆಯ ಹತ್ತರಲ್ಲಿ ಬರೆದವನೇ ಹೆದರಿಬಿಟ್ಟ.
ಗುಡುಗು, ಬೆಳಕು, ಹಾಡು, ಎಲ್ಲಾ ಸರಿಹೋಯಿತು.
ಆ ಹತ್ತು ಪುಟ ಒಂದಕ್ಕೊಂದು ಅಂಟಿಕೊಂಡಿವೆ,
ನನ್ನ ಕಾಫಿಗೆ ಸಕ್ಕರೆ ಜಾಸ್ತಿ.
ಬಿಡಿಸಲು ಹೋಗಬೇಡ.

ಇನ್ನು ನಾಲ್ಕನೆಯದು.
ತುತೂರಿ ಊದಿತು, ಭಕ್ತರೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಮೇಲಕ್ಕೆ.
ಖಾಲಿ ಬೂಟು, ಖಾಲಿ ಅಂಗಿ, ಒಲೆಯ ಮೇಲೆ ಉಕ್ಕುವ ಹಾಲು.
ಅರವತ್ತೆರಡನೇ ಪುಟದಲ್ಲಿ ಒಂದೇ ಸಾಲು:
ಚಾಲಕಿ ಮಾಯವಾಗಿ ಶಾಲೆಯ ಬಸ್ಸೊಂದು ಹಳ್ಳಕ್ಕುರುಳಿತು.
ಮುಂದಿನ ಸಾಲಿಗೆ ವಿಮಾನ.

ಪುಸ್ತಕ ಮುಚ್ಚಿ ಹಿಂದಕ್ಕೆ ತಿರುಗಿ ನೋಡಿದೆ.
ನಲವತ್ತೆರಡು ಸೀಟು.
ಆ ಬಸ್ಸಿನಲ್ಲಿ ಎಷ್ಟು ಮಕ್ಕಳಿದ್ದರು?
ಬರೆದವನು ಎಣಿಸಿಲ್ಲ.
ಅವರೂ ಮೇಲಕ್ಕೇ ಹೋದರು ಎನ್ನುತ್ತೀಯೇನೋ,
ಹಿಂದಿನ ಸಾಲಿನ ರೈಮರ್ ಹುಡುಗರನ್ನು ನೀನು ನೋಡಿಲ್ಲ.
ಕರ್ತನು ಕರೆದರೆ ನಾನು ಹೋಗುವವಳೇ,
ಮೂರೂವರೆಯಿಂದ ಐದರವರೆಗೆ ಮಾತ್ರ ಬೇಡ.
ಬ್ರೇಕ್ ಎಳೆದು, ಬೀಗದಕೈ ಮೊಳೆಗೆ ತೂಗುಹಾಕಿ ಬರುತ್ತೇನೆ,
ಅಲ್ಲಿಯತನಕ ಮೇಘ ಸ್ವಲ್ಪ ಕಾಯಲಿ.

ಕೊನೆಗಿಳಿಯುವವನು ಕೋರ್ನಿ ಪ್ಲೆಟ್, ಏಳು ವರ್ಷ.
ಗೇಟಿನಿಂದ ಬಾಗಿಲಿಗೆ ಇನ್ನೂರು ಹೆಜ್ಜೆ,
ಕೋಳಿ ಕಾರ್ಖಾನೆಯಿಂದ ಅವನಮ್ಮ ಇನ್ನೂ ಬಂದಿರುವುದಿಲ್ಲ.
ಅವನು ಒಳಹೋಗಿ ದೀಪ ಹಾಕುವವರೆಗೆ
ನನ್ನ ಹೆಡ್‌ಲೈಟು ಅವನ ಬೆನ್ನ ಮೇಲೆ.
ಹಾಗೆ ನಿಲ್ಲಬೇಕೆಂದು ಯಾವ ನಿಯಮವೂ ಇಲ್ಲ.
ಅಡುಗೆಮನೆಯ ಕಿಟಕಿ ಹಳದಿಯಾಗುತ್ತಲೇ
ಆಮೆನ್ ಎನ್ನುತ್ತೇನೆ, ಗೇರು ಬದಲಿಸುವಾಗ ಉಸಿರು ಬಿಟ್ಟ ಹಾಗೆ.

ನಾಲ್ಕನೆಯದಕ್ಕೆ ಎರಡನೇ ಭಾಗ ಬಂದಿದೆಯಂತೆ.
ಬಂದರೆ ನನ್ನ ಹೆಸರಿಗೆ ತೆಗೆದಿಡು.
ಆ ಬಸ್ಸಿನ ಹತ್ತಿರ ಯಾರಾದರೂ ಓಡಿಹೋದರೋ ಇಲ್ಲವೋ
ನನಗೆ ಗೊತ್ತಾಗಬೇಕು.

ಆಲ್ವಿನಾ