ಬಾಕಿ ಆನೆಗಳು

ದಸರಾ ರಜೆ. ಭಾವನ ಓಮ್ನಿ, ನನ್ನ ಪೆಟ್ರೋಲು.
ಕಡೂರು ಬಿಟ್ಟಾಗಿನಿಂದ ಹಿಂದಿನ ಸೀಟಲ್ಲಿ
ಧನ್ವಿತನದು ಒಂದೇ ರಾಗ:
"ಅಲ್ಲಿ ಆಡೋಕೆ ಏನಿದೆ?"
ಯಶಿಕ ಅಂದಳು, ಏಳನೇ ಕ್ಲಾಸಿನ ಗತ್ತಲ್ಲಿ,
"ಕಲ್ಲಿದೆ. ಬರೀ ಕಲ್ಲು. ಐದು ಮಾರ್ಕ್ಸಿಗೆ ಬರುತ್ತೆ."

ಬೇಲೂರು. ಹನ್ನೊಂದೂವರೆ ಬಿಸಿಲು. ಚಪ್ಪಲಿ ಹೊರಗೆ.
ಅಂಗಳದ ಚಪ್ಪಡಿ ಕಾದ ಕಾವಲಿ.
ನಾರಿನ ಹಾಸು ಸಿಗುವ ತನಕ ನಾಲ್ವರೂ ಕುಣಿದೆವು.
ಒಂಬೈನೂರು ವರ್ಷ ಒಂದೇ ಭಂಗಿಯಲ್ಲಿ ನಿಂತವರು
ಕುಣಿತ ಅಂದರೇನೆಂದು ಅವತ್ತು ನೋಡಿರಬೇಕು.

ಗೈಡು ಇಸವಿ ಹೇಳಿದ, ರಾಜನ ಹೆಸರು ಹೇಳಿದ,
ಬಳಪದ ಕಲ್ಲು, ಬೆಣ್ಣೆ ಥರ, ಅಂದ.
ಧನ್ವಿತ ಆಕಳಿಸಿದ.
ರತ್ನಮಾಲ ಚಿತ್ರಾನ್ನದ ಡಬ್ಬಿ ಬಿಚ್ಚಲು
ಆಗಲೇ ನೆರಳು ಹುಡುಕುತ್ತಿದ್ದಳು.
ನಾನು ಬಗ್ಗಿ
ಎರಡು ಕಲ್ಲಿನ ನಡುವಿನ ಸಂದು ನೋಡುತ್ತಿದ್ದೆ.
ಟೈಲ್ಸ್ ಹಾಕುವವನ ಕಣ್ಣು, ಬಿಡಲ್ಲ.
ಉಗುರು ತೂರಿಸಿದೆ. ತೂರಲಿಲ್ಲ.
ಸಿಮೆಂಟಿಲ್ಲ, ಸ್ಪೇಸರ್ ಇಲ್ಲ,
ರಸಮಟ್ಟ ಇತ್ತೋ ಇಲ್ಲವೋ.
"ಅಯ್ಯಪ್ಪಾ" ಅಂದದ್ದು
ಸ್ವಲ್ಪ ಜೋರಾಗಿಯೇ ಬಂತು ಬಾಯಿಂದ.

ಮಗಳು ತಿರುಗಿದಳು. "ಏನಪ್ಪಾ?"
"ಯಾರೋ ಇವನು. ಕೈ ನೋಡು, ಕೈ."
ಗೈಡು ಮೇಲೆ ತೋರಿಸಿದ:
ಆ ಬೊಂಬೆಯ ಕಾಲಡಿ ಕೆತ್ತಿದವನ ಹೆಸರಿದೆ.
ಕುತ್ತಿಗೆ ನೋಯುವಷ್ಟು ಹೊತ್ತು ನೋಡಿದಳು.
ಕನ್ನಡವೇ, ಓದಲಾಗಲಿಲ್ಲ.
ಒಂದಕ್ಷರ 'ಜ' ಇರಬಹುದು ಅಂದಳು,
ಇಲ್ಲದಿದ್ದರೆ 'ಣ'.

ಆಮೇಲೆ ಶುರುವಾಯಿತು.
"ಅವನಿಗೆ ದಿನಗೂಲಿನಾ, ಗುತ್ತಿಗೆನಾ?
ಮೂಗು ಮುರಿದರೆ ದುಡ್ಡು ಹಿಡಿಯುತ್ತಿದ್ದರಾ?
ಅವನ ಮಕ್ಕಳಿಗೆ ರಜೆ ಇತ್ತಾ?"
ಗೈಡು ಇಸವಿಗೆ ವಾಪಸಾದ.
ನಾನು ಹೇಳಿದೆ, ನನಗೆ ಗೊತ್ತಿದ್ದಷ್ಟು:
ಅಡ್ವಾನ್ಸು ಕೊಟ್ಟಿರುತ್ತಾರೆ. ಬಾಕಿ ತಡವಾಗಿರುತ್ತೆ.
ಮಧ್ಯಾಹ್ನ ಉಂಡು, ಇದೇ ಗೋಡೆಯ ನೆರಳಲ್ಲಿ
ಪಂಚೆ ಹಾಸಿ ಒರಗಿರುತ್ತಾನೆ, ಬಾಯಿ ತೆರೆದು.
ಮೂಗಿನ ಕೆಲಸಕ್ಕೆ ಹೊಸ ಹುಡುಗರನ್ನ
ಯಾವ ಮೇಸ್ತ್ರಿಯೂ ಬಿಡಲ್ಲ ಮಗಳೇ.
ಅವರಿಗೆ ಆನೆ.

"ಆನೆ ಎಲ್ಲಿ?" ಅಂದ ಧನ್ವಿತ.

ಅಷ್ಟೇ.
ಗೋಡೆಯ ಬುಡದ ಸಾಲು. ಒಂದು ಸೊಂಡಿಲು ಮಡಚಿದೆ,
ಒಂದು ಮುಂದಿನದ್ದಕ್ಕೆ ಗುದ್ದಿದೆ,
ಒಂದಕ್ಕೆ ಮೆರವಣಿಗೆಯಲ್ಲಿ ಮನಸ್ಸೇ ಇಲ್ಲ.
ಬೆರಳಿಟ್ಟು ಎಣಿಸಿದ. ಕಾವಲಿನವನ ಸೀಟಿ.
ಬೆರಳು ಗಾಳಿಯಲ್ಲಿಟ್ಟು ಎಣಿಸಿದ.
ಮೂಲೆ ತಿರುಗಿ ಕಾಣೆಯಾದ,
ಇನ್ನೊಂದು ಮೂಲೆಯಿಂದ ದನಿ ಮಾತ್ರ ಬಂತು:
ನೂರಾ ಅರವತ್ತೊಂದು, ನೂರಾ ಅರವತ್ತೆರಡು…
ಊಟಕ್ಕೆ ಕರೆದದ್ದಕ್ಕೆ ಅಮ್ಮನ ಮೇಲೆ ಸಿಟ್ಟು.

ಹೊರಗೆ ಮರದಡಿ, ಕೈಯಲ್ಲಿ ತುತ್ತು ಹಿಡಿದು
ಯಶಿಕ ಕೇಳಿದಳು:
"ಅಪ್ಪಾ, ನೀನು ನೆಲ ಹಾಕಿದ ಮನೆಗಳಲ್ಲಿ
ನಿನ್ನ ಹೆಸರು ಎಲ್ಲಿದೆ?"
ನಿಂಬೆಬೀಜ ಕಚ್ಚಿದಂತಾಯಿತು.
ನೀರು ಕೊಡು ಅಂದೆ.

ಸಖರಾಯಪಟ್ಟಣ ದಾಟುವಾಗ ಹುಡುಗನಿಗೆ ನಿದ್ದೆ.
ಎಡಗೈ ಬಿಚ್ಚಿಕೊಂಡಿತ್ತು. ಅಂಗೈಯಲ್ಲಿ
ಅಕ್ಕನ ನೀಲಿ ಪೆನ್ನಿನಲ್ಲಿ 212,
ಪಕ್ಕದಲ್ಲಿ ಒಂದು ಬಾಣ: ಇಲ್ಲಿಂದ ಮುಂದೆ.

ರಾತ್ರಿ ಕೈಕಾಲು ತೊಳೆಸುವಾಗ
ರತ್ನಮಾಲ ಆ ಒಂದು ಕೈ ಬಿಟ್ಟಳು.