ಎರಡನೇ ಪಾಳಿ ಬಿಟ್ಟ ಮ್ಯಾಲ

ಸುರಪುರದಿಂದ ಬೀದರಿಗೆ ವರ್ಗದ ಕಾಗದ ಬಂದಾಗ
ಅತ್ತಿ ಕೇಳಿದ್ದು: ಅಲ್ಲಿ ನೀರು ಹ್ಯಾಂಗ?
ಮಗಳು ಕೇಳಿದ್ದು: ವಿಮಾನ ಖರೇನ ದಿನಾ ಹಾರತಾವಾ?
ಇವರು ಏನೂ ಕೇಳಲಿಲ್ಲ,
ಹೊಲಿಗಿ ಮಶೀನಿನ ಕಾಲು ಬಿಚ್ಚಿ ಗೋಣಿಚೀಲದಾಗ ಸುತ್ತಿದರು.
ನಾ ಕೇಳಿಕೊಂಡದ್ದು ನನಗಷ್ಟೇ ಗೊತ್ತು:
ಎರಡನೇ ಪಾಳಿ ಮುಗಿಸಿ ಒಂಬತ್ತೂವರಿಗೆ ನಡಕೋತ ಬರುವಾಗ
ದೀಪ ಎಷ್ಟು, ನಾಯಿ ಎಷ್ಟು.

ದವಾಖಾನಿ ಗೇಟಿನ ಚಹಾದಂಗಡಿ ವೈಜಿನಾಥ
ಮನಿ ತೋರಿಸೋ ದಂಧೆನೂ ಮಾಡತಾನ.
"ಫ್ಯಾಮಿಲಿ ಏರಿಯಾ ಬೇಕೇನ್ರಿ ಸಿಸ್ಟರ್?" ಅಂದ,
ಫ್ಯಾಮಿಲಿ ಅಂದ್ರ ಒಂದು ಥರದ ಸುಣ್ಣ,
ಗ್ವಾಡಿಗೆ ಬಳದಿರತದ, ದೂರದಿಂದಲೇ ಕಾಣತದ ಅನ್ನೋ ಹಂಗ.

ಮೊದಲನೇದು ಮೈಲೂರಿನ ಆಚೆ, ಹೊಸ ಬಡಾವಣಿ.
ಅಗಲ ರಸ್ತಾ. ಎತ್ತರದ ಗೇಟು.
ಪಾರ್ಕಿನ ಜೋಕಾಲಿಗೆ ಸುತ್ತಿದ ಪ್ಲಾಸ್ಟಿಕ್ ಹಾಳಿ
ಇನ್ನೂ ಬಿಚ್ಚಿರಲಿಲ್ಲ.
ಸಂಜಿ ಆರಕ್ಕ ನಿಂತು ನೋಡಿದೆ,
ಒಂದು ಕೂಸೂ ಹೊರಗ ಬರಲಿಲ್ಲ.
ಮಾಲಕ ಚಲೋ ಮನಷ್ಯಾನೇ. ಕುರ್ಚಿ ಹಾಕಿಸಿದ.
ಹೆಸರು ಕೇಳಿದ. ಅಪ್ಪನ ಹೆಸರು ಕೇಳಿದ. ಅಡ್ಡಹೆಸರು ಕೇಳಿದ.
ಅಡ್ಡಹೆಸರಿನ ಕೆಳಗ ಇನ್ನೊಂದು ಹೆಸರು ಇರತದಲ್ಲ,
ಅದರ ಸುತ್ತ ಎರಡು ಸುತ್ತು ಹಾಕಿ ಬಂದು
ಕಡೀಕ ಅಂದ: "ಯಾವದೋ ಕಂಪನಿಯವರು ಕೇಳ್ಯಾರ್ರಿ, ಅವರಿಗೇ ಕೊಡೋದದ."
ಬಾಡಿಗಿ ಬೋರ್ಡು ಅವನ ತಲಿ ಮ್ಯಾಲೇ ತೂಗತಿತ್ತು.

ಎರಡನೇದು ನೌಬಾದದ ಕಡೆ.
ಅಲ್ಲಿ ಹೆಸರು ಯಾರೂ ಕೇಳಲಿಲ್ಲ,
ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು.

ಮೂರನೇದಕ್ಕ ವೈಜಿನಾಥ ಮನಸ್ಸಿಲ್ಲದ ಮನಸ್ಸಿಂದ ಬಂದ.
"ಹಳೇ ಊರ್ರಿ ಇದು. ಮಿಕ್ಸ್ ಮಂದಿ" ಅಂದ,
ದನಿ ತಗ್ಗಿಸಿ, ಬ್ಯಾನಿ ಹೆಸರು ಹೇಳಿದಂಗ.
ಚೌಬಾರದ ಹಿಂದ ಕೆಂಪು ಕಲ್ಲಿನ ಗ್ವಾಡಿ,
ಒಳಗೆಲ್ಲೋ ಬಿದರಿ ಕೆಲಸದ ಸಣ್ಣ ಸುತ್ತಿಗಿ ಸಪ್ಪಳ,
ಓಣಿ ಎಷ್ಟು ಇಕ್ಕಟ್ಟಂದ್ರ
ಎದುರಿಗೆ ಸೈಕಲ್ ಬಂದರ
ಯಾರದರ ಹೊಸ್ತಿಲ ಏರಿ ನಿಂದರಬೇಕು.
ಹಂಗ ಏರಿದ ಹೊಸ್ತಿಲದಾಗ ಕುಂತು
ಮುದುಕಿಯೊಬ್ಬಳು ಕುಸುಬಿ ಹಸನ ಮಾಡ್ಲಕತ್ತಿದ್ದಳು.
"ಯಾರವ್ವ ನೀವು? ಯಾರ ಪೈಕಿ?"

ನನ್ನ ನಾಲಿಗಿ ಮತ್ತ ಬಿಗೀತು.
ಒಳಗಿದ್ದ ಉತ್ತರಗಳನ್ನ ಒಂದೊಂದೇ ತಗದು ನೋಡಿ
ಮತ್ತ ಒಳಗ ಇಡ್ಲಕತ್ತಿದ್ದೆ,
ಅಷ್ಟರಾಗ ಮಗಳು ಸುವರ್ಣಿ,
ಮ್ಯಾಲ ಹೋಗೋ ವಿಮಾನದಿಂದ ಕಣ್ಣು ಕೀಳದೇ,
"ನಾವು ದವಾಖಾನಿ ಪೈಕಿ" ಅಂದಳು.

ಮುದುಕಿ ಮರ ಕೆಳಗಿಟ್ಟಳು.
ಕುಪ್ಪಸದ ತೋಳು ಮ್ಯಾಲೇರಿಸಿದಳು.
"ಹಂಗಾದ್ರ ನನ್ನ ಬಿ.ಪಿ. ನೋಡು."

ಮನಿ ಅಂಥಾದ್ದೇನಲ್ಲ. ಅಡಗಿಮನಿ ಮೂಲಿ ಸೋರತದ.
ನಳ ಮೂರು ದಿನಕ್ಕೊಮ್ಮೆ, ಬಾವಿ ನೀರು ಸವಳು.
ಆದ್ರೂ ಕೈಯಾಗ ಹಿಡದ ಬೀಗ ಹಾಕದೇ ಹಂಗೇ ಬಂದೆ,
ಅವತ್ತೇ ಪಾಳಿ ಬಿಟ್ಟ ಮ್ಯಾಲ ಒಬ್ಬಾಕಿನೇ ಹೋದೆ, ನೋಡೋಣಂತ.
ದೀಪ ಮೂರು, ಒಂದು ಹತ್ತಿರಲಿಲ್ಲ.
ನಾಯಿ ನಾಕು. ಒಂದು ಬೊಗಳಿತು.
ಕತ್ತಲ ಕಿಟಕಿಯೊಳಗಿಂದ ಗಂಡಸಿನ ದನಿ:
"ಕೌನ್ ಹೈ ಅಮ್ಮಾ?"
ಹೊರಸಿನ ಮ್ಯಾಲ ಮಲಗಿದ್ದ ಮುದುಕಿ
ಮಗ್ಗಲ ಸುದ್ದಾ ಬದಲಿಸದೇ ಅಂದಳು:
"ಅಪನೀಚ್ ಹೈ ರೇ. ದವಾಖಾನೇ ಕೀ."

ಖರೇ ಹೇಳತೀನಿ, ಹಿಗ್ಗಿನ ಜೋಡಿ ಅಂಜಿಕಿನೂ ಆತು.
ನಾಳಿಂದ ನಾ ಎಷ್ಟಕ್ಕ ಬಂದೆ, ಯಾರ ಗಾಡಿ ಮ್ಯಾಲ ಬಂದೆ,
ಕೈಚೀಲದಾಗ ಏನಿತ್ತು, ಎಲ್ಲಾ ಈ ಓಣಿಗೆ ಗೊತ್ತಾಗತದ.
ಆಗಲಿ.

ಈಗ ಮಶೀನು ಕಿಟಕಿ ಕೆಳಗ ಸರಿಯಾಗಿ ಕುಂತದ.
ಮುಂಜಾನೆ ಸುವರ್ಣಿ ಮಾಳಗಿ ಮ್ಯಾಲ ಆರು ವಿಮಾನ ಎಣಿಸತಾಳ,
ಅತ್ತಿ ಕಿವಿ ಮುಚ್ಚಿಕೊಂಡು ಬೈತಾಳ.
ಮೈಲೂರಿನ ಬೋರ್ಡು ಇನ್ನೂ ತೂಗಲಕತ್ತದಂತ,
ವೈಜಿನಾಥ ನಕ್ಕೋತ ಹೇಳಿದ.

ಚಂದಾಬಿಯ ಬಿ.ಪಿ. ನಿನ್ನಿ ನೂರಾ ಅರವತ್ತು.
ಉಪ್ಪಿನಕಾಯಿ ಬಿಡು ಅಂದ್ರ
ನಮಗೇ ಒಂದು ಭರಣಿ ಕಳಿಸ್ಯಾಳ.