ಗಿಳಿ ಛಾಪು

ಮೂವತ್ತೊಂದು ವರ್ಷ ತೂಕದ ಕಲ್ಲಿಗೆ
ಠಸ್ಸೆ ಹೊಡದ ಕೈ ಇದು.
ದುಧನಿ, ಮೈಂದರ್ಗಿ, ಅಕ್ಕಲಕೋಟ ಸಂತಿ.
ಒಂದು ಪೆಟ್ಟಿಗೆ ಒಂದು ವರ್ಷದ ಸತ್ಯ.
ಮುಂದಿನ ವರ್ಷ ಮತ್ತ ಬರಬೇಕು, ಮತ್ತ ಹೊಡೀಬೇಕು.

ಪೆನ್ಶನ್ ಬಂದ ಮ್ಯಾಲೆ ತಾಳ ಹಿಡದೆ.
ಬಡಿಯೂದಕ್ಕಲ್ಲ. ಓದೂದಕ್ಕ.

ಸೊಲ್ಲಾಪುರದ ಮೋಡಕಾ ಬಜಾರದಾಗ
ಸ್ಟೋವಿನ ಬರ್ನರು, ಸೈಕಲ್ ಗಂಟಿಗಳ ನಡುವ
ಒಂಟಿ ತಾಳ; ಜೋಡಿ ಯಾವ ಭಜನಿಯೊಳಗ ಉಳೀತೋ.
ಲತೀಫ ತಕ್ಕಡಿಗೆ ಹಾಕಿ ದರ ಅಂದ.
ಜನ್ಮದಾಗ ಮೊದಲ ಸಲ ನಾ ಮುಳ್ಳು ನೋಡಲಿಲ್ಲ.
ಗುಬ್ಬಿ ಮಗ್ಗುಲಿಗೆ, ಹಸರ ಕಿಲುಬಿನಾಗ,
ಕಿರುಬೆರಳ ಉಗುರಿನಷ್ಟು ಗಿಳಿ
ಎಡಕ್ಕ ಮಾರಿ ಮಾಡಿ ಕೂತಿತ್ತು.
ಕಾಲಾಗ ಎರಡಕ್ಷರ: ಪಾ. ನೇ.

ಆಮ್ಯಾಲೆ ಹುಚ್ಚು ಬೆಳೀತು.
ಗಡಿಯಾರ ಛಾಪು, ಮುಳ್ಳು ಯಾವತ್ತೂ ಹತ್ತು ಇಪ್ಪತ್ತು;
ಆನಿ ಛಾಪು, ಸೊಂಡಿ ಸವದು ಹಂದಿ ಆದದ್ದು;
ಒಬ್ಬಾವ ಬರೇ ಮೂರು ಚುಕ್ಕಿ ಹೊಡದು ಸತ್ತಾನ.
ಗಾಳಿಪಟದ ಕಾಗದ ಹಾಸಿ ಪೆನ್ಸಿಲ್ ತಿಕ್ಕಿದರ
ಕಣ್ಣಿಗೆ ಕಾಣದ್ದೂ ಮ್ಯಾಲೆ ಬರತದ.
ಛಾಪಾ ಇದ್ದದ್ದು ಟ್ರಂಕಿಗೆ,
ಇಲ್ಲದ್ದು ವಾಪಸ್ ಲತೀಫನ ತಕ್ಕಡಿಗೆ.
ಹೆಸರಿಲ್ಲದ ಕಂಚಿನ ಜೋಡಿ ನನಗೇನು ಕೆಲಸ?

ಮುಂಬಯಿ ಕಚೇರಿಗೆ ಮೂರು ಅರ್ಜಿ ಬರದೆ.
ಉತ್ತರ ಮರಾಠಿಯೊಳಗ ಬಂತು:
ಸದರಿ ಗಿಳಿ ದಫ್ತರದಾಗ ಸಿಕ್ಕಿಲ್ಲ.

ಮುಂದ ಮಂಗಳವೇಢೆಯೊಳಗ ಬಲಕ್ಕ ನೋಡೂ ಗಿಳಿ ಸಿಕ್ಕಿತು.
ಅಕ್ಷರಾನೂ ತಿರುಗಮುರುಗ, ಕನ್ನಡ್ಯಾಗ ಕಂಡಂಗ.
"ಡುಪ್ಲಿಕೇಟ್ ರೀ ಸಾಹೇಬ್ರ, ಅರ್ಧಾ ಕೊಡ್ರಿ" ಅಂದ ಮಾರಾವ.
ಕೊಟ್ಟೆ. ಆದರ ನಿದ್ದಿ ಹತ್ತಲಿಲ್ಲ.
ಠಸ್ಸೆ ಮಾಡಾವಗ ಗೊತ್ತು,
ಉಕ್ಕಿನ ಮ್ಯಾಲೆ ಉಲ್ಟಾ ಕೊರದರ ಕಂಚಿನ ಮ್ಯಾಲೆ ಸೀದಾ.
ಕಳ್ಳಗೂ ಅಷ್ಟು ಗೊತ್ತಿರತದ.
ಹಂಗಾರ ಇದು ಕಳ್ಳನ ಕೈ ಅಲ್ಲ.
ಗಿಳಿ ನೋಡಿ, ನೋಡಿದ ಹಂಗ ಕೊರದವರು ಯಾರು?

ದುಧನಿ ಬೋಗಾರ ಓಣ್ಯಾಗ ಕುಕ್ಕರ್ ಮಾರೂ ಹುಡುಗಿ
ಸೀಟಿ, ರಬ್ಬರು ಸರಿಸಿ ಕುರ್ಚಿ ಕೊಟ್ಟಳು.
ಪಾರೀಸಪ್ಪ ನೇಮಣ್ಣ ಬೋಗಾರ, ಆಕಿ ಅಜ್ಜಿಯ ಅಪ್ಪ.
ಆತ ತೀರಿ ಹದಿಮೂರು ದಿನ ಮುಗಿಯೂದರಾಗ
ತಮ್ಮ ಬಂದು ಠಸ್ಸೆ, ಖಾತೆ ಪುಸ್ತಕ ಒಯ್ದ.
ಮಗಳು ಚಂಪವ್ವಗ ಉಳದದ್ದು ಭಟ್ಟಿ, ಮಣ್ಣಿನ ಅಚ್ಚು,
ಮತ್ತ ಅಪ್ಪ ಎರದ ಒಂದು ತಾಳ.
ಅದನ್ನ ತೊಡಿ ಮ್ಯಾಲೆ ಇಟಗೊಂಡು
ದೊಡ್ಡ ಮೊಳೀ ತಲಿ ಮ್ಯಾಲೆ
ಕಂಡ ಗಿಳೀನ ಕಂಡಂಗ ಕೊರದಳು.
ಗಿಳಿ ತಿರುಗಿ ಕೂತಿತು.

ಕಾಕಾ ದಾವೆ ಹಾಕಿದ. ಗೆದ್ದ.
"ಆಮ್ಯಾಲೆ?" ಅಂದೆ, ಪೆನ್ಸಿಲ್ ಹಿಡದು.
"ಆಮ್ಯಾಲೂ ಮಾಡಿದಳಲ್ಲ, ಇಪ್ಪತ್ತು ವರ್ಷ.
ಛಾಪಾ ಹೊಡೀಲಿಲ್ಲ ಅಷ್ಟ.
ಗಿಳಿ ಕೂಡೂ ಜಾಗ ನುಣ್ಣಗ ಮಾಡಿ ಬಿಡತಿದ್ದಳಂತ."

ಆ ನುಣ್ಣನ ಜಾಗ
ನನ್ನ ಹೆಬ್ಬೆರಳಿಗೆ ಗೊತ್ತಿತ್ತು.
ಎಷ್ಟು ಸಲ ತಿಕ್ಕಿದ್ದೆ, ಏನೂ ಏಳಲಿಲ್ಲಂತ
ಕಾಗದ ಮುದ್ದಿ ಮಾಡಿ ಒಗದಿದ್ದೆ.

ಲತೀಫ ಬೀಡಿ ತಗದು ಅಂದ,
"ಅವು ಕರಗಿ ನಳದ ತೋಟಿ ಆಗ್ಯಾವ ಸಾಹೇಬ್ರ.
ನಿಮ್ಮನಿ ನಳದಾಗೂ ಇದ್ದೀತು."

ಮನಿಗೆ ಬಂದಾಗ ಅನ್ನದ ಗಡಗಿ ಕುದೀತಿತ್ತು.
ಬಾಯಿ ಮ್ಯಾಲೆ ಮುಚ್ಚಳ: ಹತ್ತು ವರ್ಷದ ಹಿಂದ
ನಾ ಬ್ಯಾಡಂದ ತಾಳ. ನಡುವ ತೂತು ಅದ,
ಹಬಿ ಹೋಗಾಕ ಛಲೋ ಅಂತ ಆಕಿ ಇಟಗೊಂಡದ್ದು.
ಬೆರಳು ಸುಟಗೊಂಡು ತಿರುವಿ ನೋಡಿದೆ.
ನುಣ್ಣಗಿತ್ತು.
ಸವಟು ತಗಲಿ ಅದು ಎತ್ತಿದ ದನಿ
ಅಡಗೀಮನಿ ದಾಟಿ, ಓಣಿಗೆ ಹೋಗಿ,
ಇನ್ನೂ ತಿರುಗಿ ಬರದs ಇತ್ತು.

"ಕೊಡು, ಟ್ರಂಕಿನಾಗ ಇಡತೀನಿ" ಅಂದೆ.
"ಅನ್ನ ಸೀಯತದ, ಮೊದಲ ಮುಚ್ಚರಿ" ಅಂದಳು.
"ನಿಮ್ಮದು ಅನ್ನಾಕ
ಅದರ ಮ್ಯಾಲೆ ಏನರ ಬರದದೇನು?"